ವೀಸಾ ಕಾನೂನು ಏಜೆಂಟನ ಮೊಬೈಲಿನಲ್ಲಿ ಯಾಕಿರಬೇಕು?

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ. ನಮ್ಮ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಕನ್ನಡದ ಟಿವಿಗಳಲ್ಲಿ ಅದೇ ಸುದ್ದಿ, ಪತ್ರಿಕೆಗಳ ಮುಖಪುಟದಲ್ಲಿ ಅದೇ ಸುದ್ದಿ. ಅಮೆರಿಕದ ಕಂಪನಿಗಳ ವಕೀಲರು ರಾತ್ರೋರಾತ್ರಿ ತಮ್ಮ ನೌಕರರಿಗೆ ಇಮೇಲ್ ಕಳಿಸಿ, ಹೊರಗಿದ್ದವರು ಕೂಡಲೇ ವಾಪಸ್ ಬನ್ನಿ ಎಂದರು. ಮರುದಿನವೇ ಶ್ವೇತಭವನ ಸ್ಪಷ್ಟನೆ ಕೊಟ್ಟಿತು: ಈ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಇಲ್ಲ. ಅದೂ ತಕ್ಷಣ ಎಲ್ಲರಿಗೂ ಮುಟ್ಟಿತು.

ಇದರ ಬಗ್ಗೆ ನಮಗೆ ತಕರಾರಿಲ್ಲ. ಧಾರವಾಡದ ಹುಡುಗಿ ಟೆಕ್ಸಾಸ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಅವಳ ಅಪ್ಪ-ಅವ್ವನಿಗೆ ಆ ಸುದ್ದಿ ಬೇಕೇ ಬೇಕು.

ನಮ್ಮ ತಕರಾರು ಮುಂದಿನ ಸಂಗತಿಯ ಬಗ್ಗೆ. ಅದಾಗಿ ಎರಡು ತಿಂಗಳಿಗೆ, ನವೆಂಬರ್ 22ರಿಂದ, ಇರಾನ್ ದೇಶ ಭಾರತೀಯರಿಗೆ ಕೊಟ್ಟಿದ್ದ ವೀಸಾ ವಿನಾಯಿತಿಯನ್ನು ನಿಲ್ಲಿಸಿತು. ಯಾಕೆ ನಿಲ್ಲಿಸಿತು ಎಂದು ನಮ್ಮ ವಿದೇಶಾಂಗ ಸಚಿವಾಲಯವೇ ಹೇಳಿತು. ಕೆಲಸ ಕೊಡಿಸುತ್ತೇವೆ, ಅಥವಾ ಅಲ್ಲಿಂದ ಬೇರೆ ದೇಶಕ್ಕೆ ದಾಟಿಸುತ್ತೇವೆ ಎಂದು ನಂಬಿಸಿ ಜನರನ್ನು ಇರಾನಿಗೆ ಕರೆಸಿಕೊಳ್ಳುತ್ತಿದ್ದರು. ಹಾಗೆ ಹೋದವರಲ್ಲಿ ಹಲವರನ್ನು ಅಲ್ಲಿ ಅಪಹರಿಸಿ, ಮನೆಯವರಿಂದ ಹಣ ಕೇಳುತ್ತಿದ್ದರು. ಈ ಸುದ್ದಿ ಎಷ್ಟು ಕನ್ನಡ ಚಾನೆಲ್‌ಗಳಲ್ಲಿ ಚರ್ಚೆಯಾಯಿತು? ಕುಂದಗೋಳ, ನವಲಗುಂದ, ಕಲಘಟಗಿಯ ಎಷ್ಟು ಹಳ್ಳಿಗಳಿಗೆ ಮುಟ್ಟಿತು? ನೀವೇ ನೆನಪು ಮಾಡಿಕೊಳ್ಳಿ.

ವೀಸಾ ಅಂದರೆ ಎಂಜಿನಿಯರುಗಳ ವಿಷಯ ಎಂದು ನಮ್ಮ ಮಾಧ್ಯಮ ತೀರ್ಮಾನ ಮಾಡಿಬಿಟ್ಟಿದೆ. ಗೌಂಡಿ, ಡ್ರೈವರ್, ವೆಲ್ಡರ್, ಅಡುಗೆಯವನು, ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳು, ಇವರ ವೀಸಾ ಸುದ್ದಿಯಾಗುವುದು ಶವಪೆಟ್ಟಿಗೆ ಬಂದಾಗ ಮಾತ್ರ. ಎಂಜಿನಿಯರನಿಗೆ ಕಂಪನಿಯ ವಕೀಲರಿದ್ದಾರೆ. ಗೌಂಡಿಗೆ ಯಾರಿದ್ದಾರೆ? ಏಜೆಂಟನ ವಾಟ್ಸಾಪ್ ವಾಯ್ಸ್ ಮೆಸೇಜ್.

"ಅಣ್ಣಾ, ಈಗ ವೀಸಾನ ಬ್ಯಾಡಂತ. ಪಾಸ್‌ಪೋರ್ಟ್ ಐತಿ, ಟಿಕೆಟ್ ತಗೊಂಡ್ರ ಸಾಕು." ಇಂಥ ಮಾತಿನಲ್ಲಿ ಪೂರ್ತಿ ಸುಳ್ಳು ಇರುವುದಿಲ್ಲ. ಅದೇ ಅಪಾಯ. ಇರಾನ್ 2024ರ ಫೆಬ್ರವರಿ 4ರಿಂದ ಭಾರತೀಯರಿಗೆ ವೀಸಾ ಬೇಡ ಎಂದದ್ದು ನಿಜ. ಆದರೆ ಅದು ಪ್ರವಾಸಕ್ಕೆ ಮಾತ್ರ, ವಿಮಾನದಲ್ಲಿ ಬಂದವರಿಗೆ ಮಾತ್ರ, ಹೆಚ್ಚೆಂದರೆ 15 ದಿನ. ಥಾಯ್ಲೆಂಡ್ 2023ರ ನವೆಂಬರಿನಿಂದ ವೀಸಾ ಬೇಡ ಎಂದದ್ದೂ ನಿಜ. ಅದೂ ತಿರುಗಾಡಿ ಬರುವವರಿಗೆ ಕೊಟ್ಟದ್ದು. ಅದರ ಮೇಲೆ ಅಲ್ಲಿ ನೌಕರಿ ಮಾಡುವಂತಿಲ್ಲ. ಏಜೆಂಟ್ ಮೊದಲರ್ಧ ಹೇಳುತ್ತಾನೆ, ಉಳಿದರ್ಧ ನುಂಗುತ್ತಾನೆ. ಕಾನೂನು ಬದಲಾದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಓದುವವನು ಅವನೇ. ಯಾಕೆಂದರೆ ಅದು ಅವನ ಹೊಟ್ಟೆಪಾಡು.

ಬ್ಯಾಂಕಾಕಿಗೆ ಡೇಟಾ ಎಂಟ್ರಿ ಕೆಲಸಕ್ಕೆಂದು ವಿಮಾನ ಹತ್ತಿದವರ ಕಥೆ ನಿಮಗೆ ಗೊತ್ತಿರಬಹುದು. ಅಲ್ಲಿಂದ ಕಾರಿನಲ್ಲಿ ಮೇ ಸೋಟ್ ಎಂಬ ಗಡಿ ಊರಿಗೆ, ಅಲ್ಲಿಂದ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿಗೆ. ಪಾಸ್‌ಪೋರ್ಟ್ ಕಸಿದುಕೊಂಡು, ಫೋನಿನಲ್ಲಿ ಜನರಿಗೆ ಮೋಸ ಮಾಡುವ ಕೆಲಸಕ್ಕೆ ಕೂರಿಸುತ್ತಾರೆ. 2025ರ ಮಾರ್ಚಿನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನ ಕಳಿಸಿ ಅಲ್ಲಿಂದ 549 ಮಂದಿಯನ್ನು ಕರೆತಂದಿತು. ಅವರು ಥಾಯ್ಲೆಂಡಿಗೆ ಕದ್ದು ಹೋಗಬೇಕಾಗಿಯೇ ಇರಲಿಲ್ಲ. ಪ್ರವಾಸಿಯೆಂದು ಮುಂಬಾಗಿಲಿನಿಂದಲೇ ಒಳಗೆ ಹೋಗಬಹುದಿತ್ತು. ಮೋಸ ಶುರುವಾಗುವುದೇ ಆ ಬಾಗಿಲಿನಲ್ಲಿ.

ನಮ್ಮ ಪಕ್ಕದ ಕಲಬುರಗಿಯನ್ನೇ ನೋಡಿ. ಅಲ್ಲಿಯ ಯುವಕರು ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದರು. ಅವರ ಕೈಗೆ ಬಂದೂಕು ಕೊಟ್ಟು ಉಕ್ರೇನ್ ಯುದ್ಧದ ಗಡಿಗೆ ಕಳಿಸಿದರು. ಸುದ್ದಿ ಹೊರಬಿದ್ದದ್ದು 2024ರ ಫೆಬ್ರವರಿಯಲ್ಲಿ. ಅವರು ಮನೆಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಹೀಗೆ ಹೋದ ಭಾರತೀಯರಲ್ಲಿ ಕೆಲವರು ಬರಲೇ ಇಲ್ಲ. ಆಗ ನಮ್ಮ ಕಡೆ ಕೇಳಿಬಂದ ಮಾತು ಏನು? "ದುಡ್ಡಿನ ಆಸೆಗೆ ಹೋದ್ರು, ಅನುಭವಿಸಲಿ." ಓದಿದವರೇ ಹೀಗೆ ಅಂದರು.

ಈ ಮಾತನ್ನು ನಾವು ಒಪ್ಪುವುದಿಲ್ಲ. ಹೆಚ್ಚು ಸಂಬಳಕ್ಕೆ ದೂರ ಹೋಗುವುದು ಆಸೆಬುರುಕತನವಾದರೆ ಬೆಂಗಳೂರಿನ ಅರ್ಧ ಐಟಿ ಆಸೆಬುರುಕರಿಂದಲೇ ತುಂಬಿದೆ. ಆ ಹುಡುಗರ ಹತ್ತಿರ ಪಾಸ್‌ಪೋರ್ಟ್ ಇತ್ತು, ವೀಸಾ ಇತ್ತು, ಟಿಕೆಟ್ ಇತ್ತು. ಅಲ್ಲಿ ಹೋದ ಮೇಲೆ ಇವರಂಥವರಿಂದ ಸಹಿ ಹಾಕಿಸಿಕೊಂಡ ಕರಾರು ರಷ್ಯನ್ ಭಾಷೆಯಲ್ಲಿತ್ತು. ಹೊರಡುವ ಮೊದಲು ಅದನ್ನು ತಡೆದು ನೋಡುವ ವ್ಯವಸ್ಥೆ ಇತ್ತೇ? ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದು ಸ್ವಲ್ಪ ಕಾನೂನಿನ ವಿಷಯ. ಬೇಸರ ಮಾಡಿಕೊಳ್ಳದೆ ಓದಿ.

ಕೆಲಸಕ್ಕೆ ವಿದೇಶಕ್ಕೆ ಹೋಗುವವರ ರಕ್ಷಣೆಗೆ ನಮ್ಮ ದೇಶದಲ್ಲಿ ಇರುವುದು 1983ರ ವಲಸೆ ಕಾಯ್ದೆ. ಹತ್ತನೇ ತರಗತಿ ಪಾಸಾದ ದಾಖಲೆ ಇಲ್ಲದವರಿಗೆ ಸಾಮಾನ್ಯವಾಗಿ ಇಸಿಆರ್ ಎಂಬ ಗುರುತಿನ ಪಾಸ್‌ಪೋರ್ಟ್ ಕೊಡುತ್ತಾರೆ. ಆ ಗುರುತು ಇದ್ದವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾ, ಥಾಯ್ಲೆಂಡ್, ಇರಾಕ್, ಸುಡಾನ್ ಇವೆಲ್ಲ ಆ ಪಟ್ಟಿಯಲ್ಲಿವೆ. ರಷ್ಯಾ ಇಲ್ಲ. ಇರಾನ್ ಇಲ್ಲ. ಕಾಂಬೋಡಿಯಾ ಇಲ್ಲ, ಮ್ಯಾನ್ಮಾರ್ ಇಲ್ಲ. ಇವತ್ತು ನಮ್ಮ ಹುಡುಗರು ಸಿಕ್ಕಿಬೀಳುತ್ತಿರುವ ಜಾಗಗಳೇ ಪಟ್ಟಿಯಿಂದ ಹೊರಗಿವೆ. ಹತ್ತನೇ ಪಾಸಾದವನಿಗಂತೂ ಸಾಮಾನ್ಯವಾಗಿ ಯಾವ ದೇಶಕ್ಕೂ ಈ ತಪಾಸಣೆಯೇ ಇಲ್ಲ. ಹತ್ತನೇ ಪಾಸಾದವನು ಮೋಸ ಹೋಗುವುದಿಲ್ಲ ಎಂದು ಹಿಂದೆ ಅಂದುಕೊಂಡಿರಬಹುದು. ಈಗ ಡಿಗ್ರಿ ಮಾಡಿದವರೇ ಹೆಚ್ಚು ಬೀಳುತ್ತಿದ್ದಾರೆ. ಕಂಪ್ಯೂಟರ್ ಮುಂದೆ ಕೂರಿಸಲು ಅವರಿಗೆ ಬೇಕಾದದ್ದು ಓದಿದವರೇ.

ಪಟ್ಟಿಯಲ್ಲಿರುವ ದೇಶಗಳಿಗಾದರೂ ಕಾನೂನು ಕೆಲಸ ಮಾಡುತ್ತದೆಯೇ? ಸರಿಯಾದ ದಾರಿಯಲ್ಲಿ ಹೋದರೆ ಮಾಡುತ್ತದೆ. ಏಜೆಂಟನಿಗೆ ಕೇಂದ್ರ ಸರ್ಕಾರದ ಪರವಾನಗಿ ಇರಬೇಕು. ಸಂಬಳ, ಕೆಲಸ, ಮಾಲೀಕ ಯಾರು ಎಂಬ ಕರಾರು ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದಲ್ಲಿ ದಾಖಲಾಗಬೇಕು. ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 10 ಲಕ್ಷ. ಒಂದು ಚೀಲ ಗೊಬ್ಬರದ ದುಡ್ಡಿನಲ್ಲಿ ಈ ವಿಮೆ ಮುಗಿಯುತ್ತದೆ.

ಈಗ ನಿಮ್ಮ ಊರಿನಿಂದ ಹೋದವರನ್ನು ಕೇಳಿ ನೋಡಿ. ಎಷ್ಟು ಕೊಟ್ಟು ಹೋದರು? 30,000 ಅಂದವರು ಸಿಕ್ಕರೆ ನಮಗೂ ತಿಳಿಸಿ. ಲಕ್ಷದ ಮೇಲೆ ಕೊಟ್ಟವರೇ ನಮಗೆ ಸಿಕ್ಕಿದ್ದಾರೆ. ಯಾವ ವೀಸಾದಲ್ಲಿ ಹೋದರು? "ವಿಸಿಟ್ ಮ್ಯಾಲ ಹೋಗೂದು, ಅಲ್ಲಿ ಹೋದ ಮ್ಯಾಲ ವರ್ಕ್ ಪರ್ಮಿಟ್ ಮಾಡಿಸಿ ಕೊಡ್ತಾರ." ಇಲ್ಲೇ ಇದೆ ಗುಟ್ಟು. ವಿಸಿಟ್ ವೀಸಾದಲ್ಲಿ ಹೋಗುವವನು ಕಾನೂನಿನ ಕಣ್ಣಿಗೆ ಪ್ರವಾಸಿ. ಅವನಿಗೆ ರಕ್ಷಣಾಧಿಕಾರಿಯ ಒಪ್ಪಿಗೆ ಬೇಡ. ಹಾಗಾಗಿ ಕರಾರು ಇಲ್ಲ, ವಿಮೆ ಇಲ್ಲ, ಶುಲ್ಕದ ಮಿತಿಯೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಕೇಳಿದರೆ "ತಿರುಗಾಡಲು ಹೊರಟಿದ್ದೇನೆ" ಎಂದು ಹೇಳಲು ಕಲಿಸಿ ಕಳಿಸುತ್ತಾರೆ. ನಾಳೆ ಸ್ಕ್ಯಾಫೋಲ್ಡಿಂಗ್ ಮೇಲಿಂದ ಬಿದ್ದರೆ ಅವನು ಅಲ್ಲಿಯ ಕಾರ್ಮಿಕನಲ್ಲ, ಇಲ್ಲಿಯ ವಲಸಿಗನೂ ಅಲ್ಲ.

ಆಜಾದ್ ವೀಸಾ ಎಂಬುದೊಂದು ಇದೆ. ಸ್ವತಂತ್ರ ವೀಸಾ, ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು ಎಂದು ಮಾರುತ್ತಾರೆ. ಗಲ್ಫಿನ ಯಾವ ದೇಶದ ಕಾನೂನಿನಲ್ಲೂ ಆ ಹೆಸರಿನ ವೀಸಾ ಇಲ್ಲ. ಒಬ್ಬ ಮಾಲೀಕನ ಹೆಸರಿನ ವೀಸಾ ಕೊಟ್ಟು ಇನ್ನೊಂದು ಕಡೆ ದುಡಿಯಲು ಬಿಡುವುದಕ್ಕೆ ಇಟ್ಟ ಹೆಸರು ಅದು. ಪೊಲೀಸರು ಹಿಡಿದರೆ ಜೈಲು ಕಾರ್ಮಿಕನಿಗೆ.

ಕಾನೂನು ಬದಲಾಗುವುದು ಯಾವಾಗಲೂ ಕೆಟ್ಟದ್ದಕ್ಕೇ ಅಲ್ಲ. ಒಳ್ಳೆಯ ಬದಲಾವಣೆಯೂ ನಮಗೆ ಮುಟ್ಟುವುದಿಲ್ಲ ಎಂಬುದೇ ನಮಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ಯುಎಇಯಲ್ಲಿ ವೀಸಾ ಅವಧಿ ಮುಗಿದ ಮೇಲೂ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ, ನಮ್ಮ ಸಾವಿರ ರೂಪಾಯಿಗಿಂತ ಜಾಸ್ತಿ. ಒಂದು ವರ್ಷ ಉಳಿದರೆ ಲೆಕ್ಕ ನೀವೇ ಹಾಕಿ. ಊರಿಗೆ ಬರಲು ಹೊಲ ಮಾರಬೇಕು. 2024ರ ಸೆಪ್ಟೆಂಬರ್ 1ರಿಂದ ಅಲ್ಲಿಯ ಸರ್ಕಾರ ಕ್ಷಮಾದಾನ ಘೋಷಿಸಿತು. ಮೊದಲು ಎರಡು ತಿಂಗಳು ಎಂದು, ನಂತರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ದಂಡ ಕಟ್ಟದೆ, ಮತ್ತೆ ಬರಬಾರದೆಂಬ ನಿಷೇಧವೂ ಇಲ್ಲದೆ ಊರಿಗೆ ಹೋಗಬಹುದಿತ್ತು, ಅಥವಾ ವೀಸಾ ಸರಿ ಮಾಡಿಸಿಕೊಂಡು ಅಲ್ಲೇ ಉಳಿಯಬಹುದಿತ್ತು. ನಾಲ್ಕು ತಿಂಗಳು ಬಾಗಿಲು ತೆರೆದಿತ್ತು. ಅಡಗಿ ಬದುಕುವವನು ಸರ್ಕಾರಿ ಕಚೇರಿಯ ಹತ್ತಿರ ಸುಳಿಯುವುದಿಲ್ಲ. ಅವನಿಗೆ ಇಂಥ ಸುದ್ದಿ ಮುಟ್ಟಬೇಕಾದರೆ ಊರಿನಿಂದ ಹೆಂಡತಿಯೋ ತಮ್ಮನೋ ಫೋನಿನಲ್ಲಿ ಹೇಳಬೇಕು. ಅವರಿಗೆ ಹೇಳುವವರು ಯಾರು?

ಕೇರಳದವರಿಗೆ ಹೇಳುವವರಿದ್ದಾರೆ. ಅಲ್ಲಿಯ ಸರ್ಕಾರ 1996ರಲ್ಲೇ ಹೊರಗಿರುವ ಮಲಯಾಳಿಗಳಿಗೆಂದು ಪ್ರತ್ಯೇಕ ಇಲಾಖೆ ಮಾಡಿತು. ನೋರ್ಕಾ ಅಂದರೆ ಅಲ್ಲಿ ಗೊತ್ತಿಲ್ಲದವರು ಕಡಿಮೆ. ಮಲಯಾಳಂ ಪತ್ರಿಕೆಗಳು ಗಲ್ಫಿನಿಂದಲೇ ಆವೃತ್ತಿ ತರುತ್ತವೆ. ನಮ್ಮ ಕರಾವಳಿಗೂ ಒಂದು ಅನುಕೂಲವಿದೆ. ಭಟ್ಕಳದ, ಮಂಗಳೂರಿನ ಮನೆಗಳಲ್ಲಿ ಮಾವನೋ ಚಿಕ್ಕಪ್ಪನೋ ಮೂವತ್ತು ವರ್ಷದಿಂದ ಅಲ್ಲಿದ್ದಾನೆ. "ಈ ಕಂಪನಿ ಹೇಗೆ?" ಎಂದು ಒಂದು ಫೋನ್ ಮಾಡಿದರೆ ಉತ್ತರ ಸಿಗುತ್ತದೆ. ಧಾರವಾಡ, ಗದಗ, ಹಾವೇರಿಯ ಹಳ್ಳಿಗಳಿಂದ ಹೋಗುತ್ತಿರುವವರು ಹೆಚ್ಚಾಗಿ ಮನೆಯಿಂದ ಹೊರಟ ಮೊದಲನೆಯವರು. ಆ ಮಾವ ಇಲ್ಲದ ಕಡೆ ಸರ್ಕಾರ ಮಾವನ ಕೆಲಸ ಮಾಡಬೇಕು. ಮಾಡದಿದ್ದರೆ ಆ ಕುರ್ಚಿಯಲ್ಲಿ ಏಜೆಂಟ್ ಬಂದು ಕೂರುತ್ತಾನೆ. ಕೂತಿದ್ದಾನೆ ಕೂಡ.

ಓದಲು ಹೋಗುವವರ ಕಥೆಯೂ ಬೇರೆಯಲ್ಲ, ಅಂಕಿ ದೊಡ್ಡದು ಅಷ್ಟೇ. ಕೆನಡಾಕ್ಕೆ ಹೋಗುವ ವಿದ್ಯಾರ್ಥಿ ಫೀ ಬಿಟ್ಟು ಜೀವನದ ಖರ್ಚಿಗೆ 10,000 ಡಾಲರ್ ತೋರಿಸಿದರೆ ಸಾಕಿತ್ತು. 2024ರ ಜನವರಿ 1ರಿಂದ ಅದು 20,635 ಆಯಿತು, 2025ರ ಸೆಪ್ಟೆಂಬರಿನಿಂದ 22,895. ಬೇಗ ವೀಸಾ ಸಿಗುತ್ತಿದ್ದ ಎಸ್‌ಡಿಎಸ್ ಎಂಬ ದಾರಿಯನ್ನು 2024ರ ನವೆಂಬರ್ 8ರಂದು ಮುಚ್ಚಿದರು. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಶುಲ್ಕ 710 ಡಾಲರಿನಿಂದ 1,600ಕ್ಕೆ, ಮುಂದಿನ ವರ್ಷ 2,000ಕ್ಕೆ ಏರಿತು. ಬ್ರಿಟನ್ನಿನಲ್ಲಿ ವೃದ್ಧರ ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸದಾಗಿ ಜನರನ್ನು ಕರೆಸಿಕೊಳ್ಳುವುದನ್ನು 2025ರ ಜುಲೈ 22ಕ್ಕೆ ನಿಲ್ಲಿಸಿಬಿಟ್ಟರು. ಹೊಲ ಅಡವಿಟ್ಟು ಸಾಲ ಮಂಜೂರಾಗಲು ನಮ್ಮಲ್ಲಿ ನಾಲ್ಕೈದು ತಿಂಗಳು ಬೇಕು. ಅಷ್ಟರಲ್ಲಿ ಅಲ್ಲಿಯ ನಿಯಮ ಒಮ್ಮೆ ಬದಲಾಗಿರುತ್ತದೆ. ಕನ್ಸಲ್ಟೆನ್ಸಿಯ ಗೋಡೆಯ ಮೇಲಿನ ಪೋಸ್ಟರ್ ಮಾತ್ರ ಬದಲಾಗುವುದಿಲ್ಲ. ಪಂಜಾಬ್ ಸರ್ಕಾರ ಹತ್ತು ವರ್ಷಕ್ಕೂ ಹಿಂದೆಯೇ ಟ್ರಾವೆಲ್ ಏಜೆಂಟರು, ವೀಸಾ ಕನ್ಸಲ್ಟೆಂಟುಗಳು ಲೈಸೆನ್ಸ್ ಪಡೆಯಬೇಕೆಂದು ಕಾನೂನು ಮಾಡಿತು. ಅಂಥದ್ದನ್ನು ಇಲ್ಲೂ ತರಲು ನಮ್ಮ ಶಾಸಕರಿಗೆ ಅಡ್ಡಿ ಏನು?

ಇನ್ನು ಮೋಸ ಮಾಡಿದವನಿಗೆ ಶಿಕ್ಷೆಯ ಮಾತು. ಪರವಾನಗಿ ಇಲ್ಲದೆ ಜನರನ್ನು ವಿದೇಶದ ಕೆಲಸಕ್ಕೆ ನೇಮಿಸುವುದು ವಲಸೆ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು, ಮತ್ತು ದಂಡ... ಎರಡು ಸಾವಿರ ರೂಪಾಯಿವರೆಗೆ. ಹೌದು, ಎರಡು ಸಾವಿರ. ಒಬ್ಬ ಹುಡುಗನಿಂದ ಲಕ್ಷ ತೆಗೆದುಕೊಳ್ಳುವವನಿಗೆ ಎರಡು ಸಾವಿರದ ಭಯ! ಆ ಕೇಸೂ ದಾಖಲಾಗುವುದು ಕಷ್ಟ. ಠಾಣೆಗೆ ಹೋದರೆ "ಇದು ಹಣದ ವ್ಯವಹಾರ, ಹಿರಿಯರನ್ನು ಕೂಡಿಸಿ ಬಗೆಹರಿಸಿಕೊಳ್ಳಿ" ಎಂದು ಕಳಿಸಿದ್ದನ್ನು ನಾವು ಕೇಳಿದ್ದೇವೆ. ಆದರೆ ಅದೇ ಕಾಯ್ದೆಯಲ್ಲಿ ಒಂದು ಮಾತಿದೆ. ಈ ಅಪರಾಧಕ್ಕೆ ಮೊಕದ್ದಮೆ ಹೂಡಲು ಕೇಂದ್ರದ ಅನುಮತಿ ಬೇಕು ನಿಜ. ಆದರೆ ಹೋದವನೇ ಅಥವಾ ಹೋಗಬೇಕೆಂದಿದ್ದವನೇ ದೂರು ಕೊಟ್ಟರೆ, ಇಲ್ಲವೇ ಅವನ ತಂದೆ, ತಾಯಿ, ಹೆಂಡತಿ, ಗಂಡ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಕೊಟ್ಟರೆ ಆ ಅನುಮತಿ ಬೇಡ. ಇದು ಹಳ್ಳಿಯ ಪ್ರತಿ ತಾಯಿಗೂ ಗೊತ್ತಿರಬೇಕಾದ ಮಾತು. ಇದನ್ನು ಕನ್ನಡದಲ್ಲಿ ಎಲ್ಲಾದರೂ ಗೋಡೆಗೆ ಬರೆದದ್ದನ್ನು ನೀವು ನೋಡಿದ್ದೀರಾ?

ಮತ್ತೆ, ಸಬ್ ಏಜೆಂಟ್ ಎಂಬವನಿಗೆ ಈ ಕಾನೂನಿನಲ್ಲಿ ಜಾಗವೇ ಇಲ್ಲ. ಊರೂರು ತಿರುಗುವವರು ಹೆಚ್ಚಿನವರು ಅವರೇ. "ಮೇನ್ ಆಫೀಸು ಮುಂಬೈದಾಗ ಐತ್ರಿ" ಎಂದು ಹೇಳಿದ ಕೂಡಲೇ ಪರವಾನಗಿ ಸಂಖ್ಯೆ ಕೇಳಿ. ಕೊಟ್ಟರೆ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ಪರವಾನಗಿ ಪಡೆದವರ ಪಟ್ಟಿ, ರದ್ದಾದವರ ಪಟ್ಟಿ ಎರಡೂ ಅಲ್ಲಿವೆ.

"ಎಲ್ಲಾ ನೆಟ್‌ನಾಗ ಐತಿ, ನೋಡ್ಕೊಂಡ್ರ ಆತು" ಎಂದು ಅಧಿಕಾರಿಗಳು ಹೇಳುತ್ತಾರೆ. ನೆಟ್‌ನಲ್ಲಿ ಇರುವುದಕ್ಕೂ ಜನರಿಗೆ ಮುಟ್ಟುವುದಕ್ಕೂ ಬಹಳ ಅಂತರ. 1983ರ ಕಾಯ್ದೆಯ ಬದಲು ಹೊಸದನ್ನು ತರಲು ಕೇಂದ್ರ ಸರ್ಕಾರ 2025ರ ಅಕ್ಟೋಬರಿನಲ್ಲಿ ಒಂದು ಕರಡು ಮಸೂದೆ ಹೊರಗೆ ಬಿಟ್ಟಿತು. ಜನರು ನವೆಂಬರ್ 7ರೊಳಗೆ ಅಭಿಪ್ರಾಯ ಹೇಳಬೇಕು ಎಂದಿತು. ಗೌಂಡಿ, ಡ್ರೈವರುಗಳ ಬದುಕು ತೀರ್ಮಾನಿಸುವ ಮಸೂದೆ ಅದು. ಅದರ ಕನ್ನಡ ಪ್ರತಿ ನಮ್ಮ ಕಣ್ಣಿಗಂತೂ ಬೀಳಲಿಲ್ಲ. ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ, ಇಂಗ್ಲಿಷಿನಲ್ಲಿ, ಇಮೇಲ್ ಮೂಲಕ ಅಭಿಪ್ರಾಯ ಕೇಳಿದರೆ ಕಡಲೆ ಬಿತ್ತುವವನು ಏನು ಹೇಳಬೇಕು? ನಾಳೆ ಅದು ಕಾನೂನಾದಾಗ "ಜನಾಭಿಪ್ರಾಯ ಪಡೆದಿದ್ದೇವೆ" ಎನ್ನುತ್ತಾರೆ.

ಅರ್ಧಂಬರ್ಧ ಮುಟ್ಟಿದ ಸುದ್ದಿಯೂ ಕೆಡುಕೇ. 2025ರಲ್ಲಿ ಪಾಸ್‌ಪೋರ್ಟ್ ನಿಯಮ ಬದಲಾಯಿತು: ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ದಾಖಲೆ. ಇದು 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದವರಿಗೆ, ಅಂದರೆ ಈಗಿನ ಕೂಸುಗಳಿಗೆ ಮಾತ್ರ. ದೊಡ್ಡವರಿಗೆ ಶಾಲೆಯ ದಾಖಲೆ, ಪ್ಯಾನ್ ಕಾರ್ಡ್ ಮೊದಲಿನಂತೆ ನಡೆಯುತ್ತವೆ. ಈ ಒಂದು ಸಾಲು ಗೊತ್ತಿಲ್ಲದವರಿಂದ "ಜನನ ಪತ್ರ ಮಾಡಿಸಿ ಕೊಡ್ತೀನಿ" ಎಂದು ಹಣ ಕೀಳುವುದು ಎಷ್ಟು ಸುಲಭ ಎಂದು ಯೋಚಿಸಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ, ನಿಗಮ, ಅದಕ್ಕೊಬ್ಬ ಅಧ್ಯಕ್ಷ, ಅವರಿಗೊಂದು ಕಾರು ನಾವು ಕೇಳುತ್ತಿಲ್ಲ. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಅಲ್ಲಿ ಅರ್ಜಿ ಹಾಕಿ ಇಸಿಆರ್ ಪಾಸ್‌ಪೋರ್ಟ್ ಪಡೆಯುವ ಪ್ರತಿಯೊಬ್ಬರಿಗೂ ಕನ್ನಡದ ಒಂದು ಹಾಳೆ ಕೊಡಲಿ. ಇಸಿಆರ್ ಅಂದರೆ ಏನು, 18 ದೇಶ ಯಾವುವು, 30,000ದ ಮಿತಿ, 275 ರೂಪಾಯಿಯ ವಿಮೆ, ದೂರು ಎಲ್ಲಿ ಕೊಡಬೇಕು, ಇಷ್ಟು. ಒಂದು ಹಾಳೆಯ ಎರಡು ಬದಿ ಸಾಕು. ವಲಸೆ ರಕ್ಷಣಾಧಿಕಾರಿಯ ಕಚೇರಿ ಇರುವುದು ನಾನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ತಿಂಗಳಿಗೆ ಒಂದು ದಿನವಾದರೂ ಅಧಿಕಾರಿ ಹುಬ್ಬಳ್ಳಿಗೆ ಬಂದು ಕೂರಲಿ. ರಾಜ್ಯ ಸರ್ಕಾರ ಪ್ರತಿ ತಿಂಗಳು, ಬದಲಾದ ನಿಯಮಗಳನ್ನು ತಾರೀಖು ಹಾಕಿ, ಸರಳ ಕನ್ನಡದಲ್ಲಿ ಪಂಚಾಯಿತಿಗಳಿಗೆ ಕಳಿಸಲಿ. ಪ್ರತಿ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಅದನ್ನು ಅಂಟಿಸಲಿ. ಪತ್ರಿಕೆಗಳು ರಾಶಿ ಭವಿಷ್ಯಕ್ಕೆ ದಿನಾ ಜಾಗ ಕೊಡುತ್ತವೆ. ವಾರಕ್ಕೊಮ್ಮೆ ಅದರ ಅರ್ಧ ಜಾಗ ಇದಕ್ಕೆ ಕೊಡಲಿ.

ಪೊಲೀಸರಿಗೂ ಒಂದು ಮಾತು: ದೂರು ತಂದವರನ್ನು ವಾಪಸ್ ಕಳಿಸಬೇಡಿ. ಒಬ್ಬ ದೂರು ತಂದ ಅಂದರೆ ಅದೇ ಏಜೆಂಟನ ಕೈಯಲ್ಲಿ ಇನ್ನೂ ಹತ್ತು ಪಾಸ್‌ಪೋರ್ಟ್ ಇರುತ್ತವೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸವನ್ನು ಕಲಬುರಗಿ ವಿಷಯದಲ್ಲಿ ನೋಡಿದ್ದೇವೆ, ಧಾರವಾಡ ಜಿಲ್ಲೆಯಲ್ಲಿ ಮತ್ತೆ ನೋಡುವುದು ಬೇಡ.

ನಮ್ಮ ಕಡೆಯಿಂದ ಇಷ್ಟು: ಇಲ್ಲಿ ವೀಸಾ ಕುರಿತು ಏನೇ ಹಾಕಿದರೂ ಯಾವ ದಿನದ ನಿಯಮ, ಯಾವ ಸರ್ಕಾರ ಹೇಳಿದ್ದು ಎಂದು ಮೊದಲ ಸಾಲಿನಲ್ಲೇ ಬರೆಯುತ್ತೇವೆ. ತಾರೀಖು ಇಲ್ಲದ ವೀಸಾ ಮೆಸೇಜನ್ನು ನೀವೂ ಮುಂದಕ್ಕೆ ಕಳಿಸಬೇಡಿ, ಅದು ಅಳಿಯ ಕಳಿಸಿದ್ದಾದರೂ ಸರಿ. ವಿದೇಶದ ಕೆಲಸದ ಬಗ್ಗೆ ಅನುಮಾನ ಬಂದರೆ ಕೇಂದ್ರ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090 ಇದೆ. ಕರೆ ಮಾಡಿ, ಏನು ಉತ್ತರ ಬಂತು ಎಂದು ನಮಗೂ ಬರೆಯಿರಿ.

ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಸುವುದು ಕಡ್ಡಾಯ. ಈ ಸಲದ ಸಭೆಯಲ್ಲಿ ಚರಂಡಿ, ರಸ್ತೆ, ಆಶ್ರಯ ಮನೆಯ ಮಾತು ಮುಗಿದ ಮೇಲೆ ಒಬ್ಬರು ಎದ್ದು ನಿಂತು, ಪರವಾನಗಿ ಇರುವ ಏಜೆಂಟರ ಪಟ್ಟಿಯನ್ನು ಪಂಚಾಯಿತಿ ಬೋರ್ಡಿಗೆ ಹಾಕಬೇಕೆಂದು ಕೇಳಿ. ಪಿಡಿಒ ಅವರಿಂದ ಠರಾವು ಬರೆಸಿ. ಅದರ ಫೋಟೊ ತೆಗೆದು ನಮಗೆ ಕಳಿಸಿ. ಯಾವ ಪಂಚಾಯಿತಿ ಬರೆಯಿತು, ಯಾವುದು ಬರೆಯಲಿಲ್ಲ ಎಂದು ಊರಿನ ಹೆಸರಿನ ಸಮೇತ ಇಲ್ಲೇ ಹಾಕುತ್ತೇವೆ.